ವಾರಾಂತ್ಯದ ಟ್ರ್ಯಾಕಿಗೆ ಸೆಕೆಂಡ್ ಹ್ಯಾಂಡ್ ರಿಯರ್ ವೀಲ್ ಡ್ರೈವ್ ಕಾರು: ಎತ್ತರದ ಗೆಳೆಯನ ಆಯ್ಕೆ

ಗೆಳೆಯನಿಗೆ ಬೇಕಿದ್ದದ್ದು ಇಷ್ಟೇ: ವಾರಾಂತ್ಯದಲ್ಲಿ ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಒಂದು ಸೆಕೆಂಡ್ ಹ್ಯಾಂಡ್ ಕಾರು. ಪೈಪೋಟಿಗಲ್ಲ, ಕಲಿಯೋದಕ್ಕೆ. ಬೆಳಿಗ್ಗೆ ಅದೇ ಕಾರಿನಲ್ಲಿ ಟ್ರ್ಯಾಕಿಗೆ ಹೋಗಬೇಕು, ಇಪ್ಪತ್ತು ನಿಮಿಷದ ಸರದಿಗಳಲ್ಲಿ ಓಡಿಸಬೇಕು, ಸಂಜೆ ಅದೇ ಕಾರಿನಲ್ಲಿ ಮನೆಗೆ ವಾಪಸ್ ಬರಬೇಕು. ಟ್ರೇಲರ್ ಇಲ್ಲ, ಇಟ್ಟುಕೊಳ್ಳಲು ಜಾಗವೂ ಇಲ್ಲ. ಮ್ಯಾನುಯಲ್ ಗೇರ್ ಇರಬೇಕು, ರಿಯರ್ ವೀಲ್ ಡ್ರೈವ್ ಆಗಿರಲೇಬೇಕು.

ಅವನ ಬಗ್ಗೆಯೂ ಸ್ವಲ್ಪ ಹೇಳಬೇಕು. ಈ ಆಯ್ಕೆಯಲ್ಲಿ ಕಾರಿಗಿಂತ ಜಾಸ್ತಿ ಲೆಕ್ಕಕ್ಕೆ ಬಂದದ್ದು ಅವನೇ. ಆರು ಅಡಿ ಮೂರು ಇಂಚು ಎತ್ತರ, ಅದರಲ್ಲೂ ಸೊಂಟದಿಂದ ಮೇಲೆ ಉದ್ದ. ದಿನಾ ಓಡಿಸುವುದು ಫ್ರಂಟ್ ವೀಲ್ ಡ್ರೈವ್ ಆಟೊಮ್ಯಾಟಿಕ್. ಗೋ ಕಾರ್ಟ್ ಓಡಿಸಿದ್ದಾನೆ, ಒಂದು ಡ್ರೈವಿಂಗ್ ಸ್ಕೂಲಿನ ಟ್ರ್ಯಾಕ್ ತರಬೇತಿ ಮುಗಿಸಿದ್ದಾನೆ, ಅಲ್ಲಿಗೇ ನಿಂತಿದೆ ಅನುಭವ. ಕೈಕೆಲಸ ಬರುತ್ತದೆ. ಬ್ರೇಕ್ ಪ್ಯಾಡ್, ಎಂಜಿನ್ ಆಯಿಲ್ ತಾನೇ ಬದಲಿಸಿಕೊಳ್ಳುತ್ತಾನೆ. ಎಂಜಿನ್ ಬಿಚ್ಚುವ ಮಟ್ಟದ ಕೆಲಸ ಆಗುವುದಿಲ್ಲ.

ರಿಯರ್ ವೀಲ್ ಡ್ರೈವೇ ಯಾಕೆ ಅಂತ ನಾನು ಮೊದಲೇ ಕೇಳಿದೆ. ಅಷ್ಟೇ ದುಡ್ಡಿಗೆ ಒಂದು ಒಳ್ಳೆಯ ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್ ಸಿಗುತ್ತದೆ, ಹೊಸಬರ ಕೈಯಲ್ಲಿ ಅದೇ ವೇಗವಾಗಿ ಸುತ್ತು ಮುಗಿಸಿದರೂ ಆಶ್ಚರ್ಯ ಇಲ್ಲ. ಆದರೆ ಅಲ್ಲಿ ಮುಂದಿನ ಎರಡು ಟೈರುಗಳೇ ತಿರುಗಿಸಬೇಕು, ಎಳೆಯಬೇಕು, ಬ್ರೇಕಿನ ಹೆಚ್ಚಿನ ಭಾರವನ್ನೂ ಹೊರಬೇಕು. ಟ್ರ್ಯಾಕಿನಲ್ಲಿ ಅವು ಬೇಗ ಸುಸ್ತಾಗುತ್ತವೆ, ಬೇಗ ಸವೆಯುತ್ತವೆ. ರಿಯರ್ ವೀಲ್ ಡ್ರೈವಿನಲ್ಲಿ ತಿರುಗಿಸುವ ಕೆಲಸ ಮುಂದಿನದು, ತಳ್ಳುವ ಕೆಲಸ ಹಿಂದಿನದು. ತಿರುವಿನ ನಡುವೆ ಆಕ್ಸಿಲರೇಟರ್ ಮೇಲಿನ ಕಾಲು ಸ್ವಲ್ಪ ಅಲುಗಿದರೂ ಕಾರಿನ ಮೂತಿ ಎತ್ತ ತಿರುಗುತ್ತದೆ ಅನ್ನುವುದು ಗೊತ್ತಾಗುತ್ತದೆ. ಕಲಿಯಬೇಕಾದ್ದು ಅದನ್ನೇ ಅಂದ ಗೆಳೆಯ. ಒಪ್ಪುವ ಮಾತು. ಹಾಗಾಗಿ ಅಲ್ಲಿಂದ ಮುಂದೆ ಚರ್ಚೆ ರಿಯರ್ ವೀಲ್ ಡ್ರೈವಿನ ಒಳಗೇ ನಡೆಯಿತು.

ದುಡ್ಡಿನ ವಿಷಯದಲ್ಲಿ ಹಾಕಿಕೊಂಡ ಗೆರೆ

ಜಾಹೀರಾತು ನೋಡುವ ಮೊದಲೇ ಎರಡು ತೀರ್ಮಾನ ಮಾಡಿಸಿದೆ. ಒಂದು, ಕೈಯಲ್ಲಿರುವ ಒಟ್ಟು ದುಡ್ಡಿನಲ್ಲಿ ಮೂರರಲ್ಲಿ ಎರಡು ಪಾಲು ಮಾತ್ರ ಕಾರಿಗೆ. ಉಳಿದ ಒಂದು ಪಾಲು ಬ್ರೇಕು, ಟೈರು, ಆಯಿಲ್, ಹೆಲ್ಮೆಟ್, ಟ್ರ್ಯಾಕಿನ ಫೀಸು, ಮೊದಲ ವರ್ಷ ಬಂದೇ ಬರುವ ರಿಪೇರಿಗೆ. ಎರಡು, ಸಾಲ ಬೇಡವೇ ಬೇಡ. ರಸ್ತೆಯ ವಿಮೆ ಸಾಮಾನ್ಯವಾಗಿ ಟ್ರ್ಯಾಕಿನಲ್ಲಿ ಆದ ಹಾನಿಗೆ ದುಡ್ಡು ಕೊಡುವುದಿಲ್ಲ. ಕಾರು ತಡೆಗೋಡೆಗೆ ಬಡಿದು ಗುಜರಿಗೆ ಹೋದರೆ, ಓಡದ ಕಾರಿಗೆ ತಿಂಗಳು ತಿಂಗಳು ಕಂತು ಕಟ್ಟುತ್ತಾ ಕೂರಬೇಕಾಗುತ್ತದೆ. ಪೂರ್ತಿ ಹೋದರೂ ಮನೆ ಖರ್ಚಿಗೆ ತೊಂದರೆ ಆಗಬಾರದು, ಅಷ್ಟು ದುಡ್ಡಿನ ಕಾರನ್ನೇ ಟ್ರ್ಯಾಕಿಗೆ ಇಳಿಸಬೇಕು. ಈ ಮಾತಿನಲ್ಲಿ ನಾನು ಸ್ವಲ್ಪವೂ ಸಡಿಲ ಬಿಡಲಿಲ್ಲ.

ಈ ಗೆರೆ ಹಾಕಿದ ಕೂಡಲೇ ಕೆಲವು ಹೆಸರು ತಾವಾಗಿಯೇ ಉದುರಿದವು. ಹೋಂಡಾ ಎಸ್2000 ಅದ್ಭುತ ಕಾರು. 1999ರಲ್ಲಿ ಬಂದಾಗ ಅದರ ಎರಡು ಲೀಟರ್ ಎಂಜಿನ್ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದೆ 240 ಎಚ್‌ಪಿಗೂ ಜಾಸ್ತಿ ಕೊಡುತ್ತಿತ್ತು, 9,000 ಆರ್‌ಪಿಎಂ ಹತ್ತಿರ ಹೋಗುತ್ತಿತ್ತು. ಈಗ ಅದನ್ನು ಸಂಗ್ರಹಕಾರರು ಕೊಳ್ಳುತ್ತಾರೆ. ಅಂಥ ಬೆಲೆಯ ಕಾರನ್ನು ಕಲಿಯೋದಕ್ಕೆ ಅಂತ ಮಣ್ಣಿಗೆ ಇಳಿಸಲು ಯಾರಿಗೂ ಮನಸ್ಸು ಬರುವುದಿಲ್ಲ, ಬರಬಾರದು ಕೂಡ. ಮೊದಲ ತಲೆಮಾರಿನ ಪೋರ್ಶ ಬಾಕ್ಸ್‌ಸ್ಟರ್, ಅಂದರೆ 986, ಅಗ್ಗಕ್ಕೆ ಸಿಗುತ್ತದೆ. ಎಂಜಿನ್ ನಡುವೆ ಇರುವುದರಿಂದ ತೂಕದ ಹಂಚಿಕೆ ಚೆನ್ನಾಗಿದೆ. ಆದರೆ ಅದರ ಎಂಜಿನ್ನಿನ ಇಂಟರ್‌ಮೀಡಿಯಟ್ ಶಾಫ್ಟ್ ಬೇರಿಂಗ್ ಕೈಕೊಟ್ಟರೆ ಎಂಜಿನ್ನೇ ಹೋಗುತ್ತದೆ. ರಿಪೇರಿಗೆ ಅಂತ ಇಟ್ಟ ಒಂದು ಪಾಲು ಅದಕ್ಕೆ ಸಾಲುವುದಿಲ್ಲ. ನಿಸಾನ್ 350ಝಡ್ 3.5 ಲೀಟರ್ ವಿ6, ಶಕ್ತಿಗೆ ಕೊರತೆ ಇಲ್ಲ. ಆದರೆ ಖಾಲಿ ಕಾರಿನ ತೂಕವೇ 1,450 ಕಿಲೋ ದಾಟುತ್ತದೆ. ಹೊಸಬನಿಗೆ ಅದು ಬೇಡ ಅನ್ನಿಸಿತು.

ಉಳಿದದ್ದು ಮೂರು: ಮಜ್ದಾ ಎಂಎಕ್ಸ್-5, ಬಿಎಂಡಬ್ಲ್ಯು ಇ46 ಸರಣಿಯ 330ಸಿಐ, ಟೊಯೊಟಾ 86.

ತೂಕದ ಲೆಕ್ಕ

ಕಾರು ನೋಡಲು ಹೊರಡುವ ಮೊದಲು ಒಂದು ಕಾಗದದ ಮೇಲೆ ಲೆಕ್ಕ ಹಾಕಿದೆವು. ಎಚ್‌ಪಿ ಹಿಂದೆ ಬಿದ್ದಿದ್ದ ಗೆಳೆಯನಿಗೆ ಇದು ಬೇಕಿತ್ತು.

ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಬಂದು, ತಿರುವಿಗೆ ಮುಂಚೆ 80ಕ್ಕೆ ಇಳಿಸಬೇಕು ಅಂದುಕೊಳ್ಳಿ. ಆ ವೇಗದಲ್ಲಿದ್ದ ಶಕ್ತಿ ಎಲ್ಲೂ ಮಾಯವಾಗುವುದಿಲ್ಲ, ಬಹುಪಾಲು ಬ್ರೇಕ್ ಡಿಸ್ಕಿಗೆ ಬಿಸಿಯಾಗಿ ಹೋಗುತ್ತದೆ. ಓಡಿಸುವವನೂ ಸೇರಿ 1,100 ಕಿಲೋ ತೂಗುವ ಕಾರಿನಲ್ಲಿ ಅದು ಸುಮಾರು 815 ಕಿಲೋಜೌಲ್. 1,550 ಕಿಲೋ ತೂಗುವ ಕಾರಿನಲ್ಲಿ ಸುಮಾರು 1,150. ಒಂದೇ ತಿರುವು, ಒಂದೇ ವೇಗ, ಬಿಸಿ ಮಾತ್ರ ಶೇಕಡಾ 40ರಷ್ಟು ಜಾಸ್ತಿ. ಒಂದು ಸುತ್ತಿನಲ್ಲಿ ಇಂಥ ತಿರುವು ಹಲವಿರುತ್ತವೆ, ಇಪ್ಪತ್ತು ನಿಮಿಷದಲ್ಲಿ ಇಂಥ ಸುತ್ತು ಹಲವು. ಭಾರದ ಕಾರಿಗೆ ದೊಡ್ಡ ಡಿಸ್ಕು, ದೊಡ್ಡ ಪ್ಯಾಡು, ಅಗಲ ಟೈರು ಬೇಕು. ಎಲ್ಲದಕ್ಕೂ ಬೆಲೆ ಜಾಸ್ತಿ, ಆಯಸ್ಸು ಕಮ್ಮಿ. ಕಾರು ಕೊಳ್ಳೋದು ಒಂದು ಸಲ. ಪ್ಯಾಡು, ಟೈರು ಕೊಳ್ಳೋದು ಮತ್ತೆ ಮತ್ತೆ. ಅವುಗಳ ಬೆಲೆಗೆ ಹೆದರಿ ಕಾರು ಮನೆಯಲ್ಲೇ ನಿಂತರೆ ಯಾವ ಎಚ್‌ಪಿ ಇದ್ದು ಏನು ಬಂತು? ಎಷ್ಟು ಸುತ್ತು ಓಡಿಸಲು ಸಾಧ್ಯ ಅನ್ನುವುದೇ ನಮ್ಮ ಅಳತೆಗೋಲು ಅಂತ ಅವತ್ತು ತೀರ್ಮಾನ ಆಯಿತು.

ಎಂಎಕ್ಸ್-5: ಉದ್ದದ ಕೋಲು ಹೇಳಿದ್ದು

ಆ ಅಳತೆಗೋಲು ಹಿಡಿದರೆ ಎಂಎಕ್ಸ್-5 ಎದುರು ನಿಲ್ಲುವ ಕಾರು ಕಡಿಮೆ. 1989ರಲ್ಲಿ ಶುರುವಾಗಿ 2016ರಲ್ಲಿ ಹತ್ತು ಲಕ್ಷದ ಗಡಿ ದಾಟಿದ ಕಾರು, ಮೇಲ್ಛಾವಣಿ ತೆರೆಯುವ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದು. ಹಾಗಾಗಿ ಬಿಡಿಭಾಗಕ್ಕೆ ಬರ ಇಲ್ಲ. ನಾವು ನೋಡಿದ್ದು ಎರಡನೇ ತಲೆಮಾರಿನ ಎನ್‌ಬಿ, 1998ರಿಂದ 2005ರವರೆಗೆ ಬಂದದ್ದು. 1.8 ಲೀಟರ್ ಎಂಜಿನ್, ಸುಮಾರು 140 ಎಚ್‌ಪಿ, ತೂಕ ಒಂದು ಟನ್ನಿಗೆ ಸ್ವಲ್ಪ ಜಾಸ್ತಿ. ನಾಲ್ಕೂ ಕಡೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್.

ಕಾರು ಚೆನ್ನಾಗಿತ್ತು. ಈ ತಲೆಮಾರಿಗೆ ತುಕ್ಕಿನ ಕಾಟ ಇದೆ, ಹಾಗಾಗಿ ಮೊದಲು ಕೆಳಗೆ ಮಲಗಿ ನೋಡಿದೆ. ಬಾಗಿಲ ಕೆಳಗಿನ ಪಟ್ಟಿಯ ಹಿಂತುದಿ, ಹಿಂದಿನ ಚಕ್ರದ ಮುಂದುಗಡೆ ಬರುವ ಜಾಗ ಗಟ್ಟಿಯಾಗಿತ್ತು. ಎಂಜಿನ್ ಅಡಿಯಲ್ಲಿ ಹಾದುಹೋಗುವ ಮುಂಭಾಗದ ಚಾಸಿ ರೈಲುಗಳೂ ಗಟ್ಟಿ. ಹೊರಗೆ ಫಳಫಳ ಹೊಳೆಯುವ ಎನ್‌ಬಿಗಳಲ್ಲೂ ಆ ರೈಲುಗಳು ಒಳಗೊಳಗೇ ತಿಂದುಹೋಗಿರುವುದುಂಟು. ಕೈಬೆರಳಿನಿಂದ ಒತ್ತಿ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಬೇಕು. ಟಣ್ ಅಂದರೆ ಸರಿ, ಬೊದಬೊದ ಅಂದರೆ ಎದ್ದು ಬರಬೇಕು.

ಈ ಕಾರಿಗೆ ರೋಲ್ ಬಾರ್, ಅಂದರೆ ಸೀಟಿನ ಹಿಂದೆ ತಲೆ ಕಾಯುವ ಉಕ್ಕಿನ ಕಮಾನು, ಆಗಲೇ ಇತ್ತು. ಮೇಲ್ಛಾವಣಿ ತೆರೆಯುವ ಕಾರುಗಳಿಗೆ ಬಹಳಷ್ಟು ಟ್ರ್ಯಾಕ್ ಆಯೋಜಕರು ಅದನ್ನು ಕಡ್ಡಾಯ ಮಾಡಿರುತ್ತಾರೆ. ಇನ್ನೊಂದು ಪರೀಕ್ಷೆಯೂ ಇರುತ್ತದೆ. ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿದು ಕೂತಾಗ, ರೋಲ್ ಬಾರಿನ ತುದಿಯಿಂದ ಮುಂದಿನ ಗಾಜಿನ ಚೌಕಟ್ಟಿನ ತುದಿಗೆ ಒಂದು ನೇರ ಕೋಲು ಇಡಬೇಕು. ಹೆಲ್ಮೆಟ್ ಆ ಕೋಲಿಗಿಂತ ಕೆಳಗಿರಬೇಕು. ಕಾರು ಮಗುಚಿದರೆ ನೆಲಕ್ಕೆ ತಾಗಬೇಕಾದ್ದು ಬಾರು, ತಲೆ ಅಲ್ಲ.

ಹೆಲ್ಮೆಟ್ಟನ್ನೂ ಉದ್ದದ ಕೋಲನ್ನೂ ನಾವೇ ಒಯ್ದಿದ್ದೆವು. ಗೆಳೆಯ ಕೂತ, ಸೀಟು ಹಿಂದಕ್ಕೆ ತಳ್ಳಿದ, ಬೆಲ್ಟ್ ಎಳೆದ. ನಾನು ಕೋಲು ಇಟ್ಟೆ. ಅದು ಗಾಜಿನ ಚೌಕಟ್ಟಿಗೆ ತಾಗಲೇ ಇಲ್ಲ. ಹೆಲ್ಮೆಟ್ಟಿನ ನೆತ್ತಿಯ ಮೇಲೇ ಕೂತುಬಿಟ್ಟಿತು. "ಸ್ವಲ್ಪ ಕುಗ್ಗಿ ಕೂತರೆ ಸರಿಹೋಗುತ್ತೆ, ನೋಡು" ಅಂದ. ಸರಿಹೋಯಿತು ಕೂಡ. ಆದರೆ ಬೆನ್ನು ಬಾಗಿಸಿ, ಮೊಣಕಾಲು ಸ್ಟೇರಿಂಗಿಗೆ ತಾಗಿಸಿಕೊಂಡು ಇಪ್ಪತ್ತು ನಿಮಿಷ ಓಡಿಸೋದು ಸಾಧ್ಯವೇ? ಅಪಘಾತದಲ್ಲಿ ಮೈ ತಾನಾಗಿಯೇ ಮೇಲಕ್ಕೆ ಎದ್ದೇ ಏಳುತ್ತದೆ. ಸೀಟಿನ ಫೋಮ್ ಕತ್ತರಿಸುವುದು, ತೆಳು ಬಕೆಟ್ ಸೀಟು ನೆಲಕ್ಕೇ ಬೋಲ್ಟ್ ಮಾಡುವುದು, ಎತ್ತರದ ರೋಲ್ ಬಾರ್ ಹಾಕಿಸುವುದು, ಎಲ್ಲ ದಾರಿಯನ್ನೂ ಮಾತಾಡಿದೆವು. ಫೋಮ್ ತೆಗೆದರೆ ಒಂದೆರಡು ಇಂಚು ಸಿಗಬಹುದು. ಅವನಿಗೆ ಅದಕ್ಕಿಂತ ಜಾಸ್ತಿ ಬೇಕಿತ್ತು. ಬಾರು ಎತ್ತರಿಸಿದರೆ ಮೇಲಿನ ಹೊದಿಕೆ ಮುಚ್ಚುವುದಿಲ್ಲ, ಇದೋ ಮಳೆಯಲ್ಲೂ ಮನೆಗೆ ವಾಪಸ್ ಬರಬೇಕಾದ ಕಾರು.

ಐದು ಅಡಿ ಎಂಟು ಇಂಚಿನವರು ನನ್ನನ್ನು ಕೇಳಿದ್ದರೆ ಅಲ್ಲೇ ಕೈಕುಲುಕಿ ವ್ಯವಹಾರ ಮುಗಿಸಿ ಅನ್ನುತ್ತಿದ್ದೆ. ಎಲ್ಲರೂ ಹೊಗಳುವ ಕಾರು ಎಲ್ಲರಿಗೂ ಹೊಂದುವುದಿಲ್ಲ. ಇದು ರುಚಿಯ ಪ್ರಶ್ನೆ ಅಲ್ಲ, ತಲೆಬುರುಡೆಯ ಪ್ರಶ್ನೆ. ಗೆಳೆಯನಿಗೆ ಬೇಜಾರಾಯಿತು, ಆದರೂ ಬಿಟ್ಟುಬಂದೆವು.

330ಸಿಐ: ಡಿಫರೆನ್ಷಿಯಲ್ ಮೇಲಿನ ತಗಡು

ಇ46ರ 330ಸಿಐ ಕೂತ ಕೂಡಲೇ ಇಷ್ಟವಾಗುವ ಕಾರು. ಆರು ಸಿಲಿಂಡರ್ ಸಾಲಾಗಿರುವ ಮೂರು ಲೀಟರ್ ಎಂಜಿನ್, 231 ಎಚ್‌ಪಿ. ಅದರ ಸದ್ದು, ಅದು ಎಳೆಯುವ ನಯ ಎರಡನ್ನೂ ನಾನು ಮನಸಾರೆ ಮೆಚ್ಚುತ್ತೇನೆ. ತೂಕದ ಲೆಕ್ಕದಲ್ಲಿ ಹಿಂದೆ ಬಿದ್ದಿದ್ದರೂ, ಬೆಲೆ ಕಮ್ಮಿ ಇದ್ದದ್ದರಿಂದ ನೋಡಲು ಹೋದೆವು. ಒಂದು ಕೊರತೆ ಕೂತ ತಕ್ಷಣ ಕಂಡಿತು. ಸನ್‌ರೂಫ್ ಇರುವ ಕಾರಿನಲ್ಲಿ ಒಳಗಿನ ಚಾವಣಿ ಕೆಳಗಿಳಿದಿರುತ್ತದೆ. ಹೆಲ್ಮೆಟ್ ಹಾಕಿದರೆ ಅವನ ತಲೆ ತಾಗುತ್ತಿತ್ತು. ಎತ್ತರದವರು ಟ್ರ್ಯಾಕಿಗೆ ಕಾರು ಹುಡುಕುವಾಗ ಸನ್‌ರೂಫ್ ಇಲ್ಲದ್ದನ್ನೇ ಹುಡುಕಬೇಕು.

ಈ ಕಾರಿನ ದೊಡ್ಡ ಕಾಯಿಲೆ ಹಿಂದೆ, ಕೆಳಗೆ ಇರುತ್ತದೆ. ಎಂಜಿನ್ನಿನ ಶಕ್ತಿಯನ್ನು ಎರಡು ಹಿಂಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಮತ್ತು ಹಿಂದಿನ ಸಸ್ಪೆನ್ಷನ್ ಹೊತ್ತ ಚೌಕಟ್ಟು, ಅಂದರೆ ಸಬ್‌ಫ್ರೇಮ್, ನಾಲ್ಕು ಕಡೆ ಬೋಲ್ಟ್ ಹಾಕಿ ಬಾಡಿಯ ತಳದ ತಗಡಿಗೆ ಕೂತಿದೆ. ಪ್ರತಿ ಸಲ ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಆ ಜಾಗ ಎಳೆತಕ್ಕೆ ಸಿಗುತ್ತದೆ. ವರ್ಷಗಳು ಕಳೆದ ಮೇಲೆ ತಗಡು ಸುಸ್ತಾಗಿ ಬಿರುಕು ಬಿಡುತ್ತದೆ. ಕಾರನ್ನು ಲಿಫ್ಟಿಗೆ ಏರಿಸಿ, ಅಂಡರ್‌ಕೋಟಿಂಗಿನ ಕೊಳೆ ಒರೆಸಿ, ಟಾರ್ಚ್ ಹಾಕಿ ನಾಲ್ಕೂ ಬೋಲ್ಟಿನ ಸುತ್ತ ನೋಡಿದೆವು. ಮೂರು ಕಡೆ ಏನೂ ಕಾಣಲಿಲ್ಲ. ನಾಲ್ಕನೇ ಕಡೆ ಕೂದಲೆಳೆಯಂಥ ಗೆರೆ, ಒಂದು ಅಂಚಿನಲ್ಲಿ ಕೆಂಪು ತುಕ್ಕು. ಮೇಲಿನ ಬಣ್ಣ ಮಾತ್ರ ಒಡೆದಿದೆಯೋ, ತಗಡೇ ಒಡೆದಿದೆಯೋ? ತುಕ್ಕು ಗೆರೆಯ ಒಳಗಿಂದ ಬಂದಿದ್ದರಿಂದ ತಗಡೇ ಅಂತ ಮೆಕ್ಯಾನಿಕ್ ಹೇಳಿದರು. ಆಮೇಲೆ ಓಡಿಸಿ ನೋಡುವಾಗ, ಎರಡನೇ ಗೇರಿನಲ್ಲಿ ಕಾಲು ಪಟ್ಟಂತ ತೆಗೆದರೆ ಹಿಂದಿನಿಂದ ಟಕ್ ಅಂತ ಸದ್ದು.

ಮಾರುವವರಿಗೆ ಇದು ಗೊತ್ತಿರಲಿಲ್ಲ. ತೋರಿಸಿದಾಗ ಅವರ ಮುಖ ಬಿದ್ದುಹೋಯಿತು. ಬೆಲೆಯನ್ನು ಕೂಡಲೇ ಇಳಿಸಿದರು. ಇದಕ್ಕೆ ಮದ್ದು ಇಲ್ಲ ಅಂತಲ್ಲ. ಸಬ್‌ಫ್ರೇಮ್ ಇಳಿಸಿ, ಬಿರುಕಿಗೆ ವೆಲ್ಡಿಂಗ್ ಮಾಡಿ, ನಾಲ್ಕೂ ಕಡೆ ದಪ್ಪ ಪ್ಲೇಟ್ ಕೂರಿಸುತ್ತಾರೆ. ಸರಿಯಾಗಿ ಮಾಡಿದರೆ ಮೊದಲಿಗಿಂತ ಗಟ್ಟಿ. ವೆಲ್ಡಿಂಗ್ ಬಲ್ಲವರಿಗೆ ಇದೇ ಒಳ್ಳೆಯ ವ್ಯವಹಾರ ಆಗಬಹುದು. ನಮ್ಮ ಗೆಳೆಯನಿಗೆ ಅಲ್ಲ. ಅದರ ಜೊತೆಗೆ ಈ ಕಾರಿನ ಕೂಲಿಂಗ್ ಭಾಗಗಳಲ್ಲಿ ಪ್ಲಾಸ್ಟಿಕ್ ಜಾಸ್ತಿ. ಎಕ್ಸ್‌ಪಾನ್ಷನ್ ಟ್ಯಾಂಕು, ರೇಡಿಯೇಟರ್, ವಾಟರ್ ಪಂಪು, ಥರ್ಮೋಸ್ಟಾಟ್ ಎಲ್ಲವನ್ನೂ ಟ್ರ್ಯಾಕಿಗೆ ಇಳಿಸುವ ಮೊದಲೇ ಒಟ್ಟಿಗೆ ಬದಲಿಸಬೇಕು. ಬೆಲೆಯಲ್ಲಿ ಉಳಿದದ್ದು ಇಲ್ಲೇ ಹೋಗುತ್ತದೆ, ಮೇಲೆ ಒಂದಿಷ್ಟು ಸೇರಿಸಬೇಕಾಗುತ್ತದೆ.

ಎರಡು 86ಗಳ ನಡುವೆ

ಟೊಯೊಟಾ 86 ಮತ್ತು ಸುಬಾರು ಬಿಆರ್‌ಝಡ್ ಒಂದೇ ಕಾರಿನ ಎರಡು ಮುಖ. 2012ರಲ್ಲಿ ಬಂದವು. ಎರಡು ಲೀಟರಿನ ಮಲಗಿಸಿದ ನಾಲ್ಕು ಸಿಲಿಂಡರ್ ಎಂಜಿನ್, ಸಿಲಿಂಡರಿನ ಅಗಲವೂ ಪಿಸ್ಟನ್ ಓಡುವ ಉದ್ದವೂ 86 ಮಿಲಿಮೀಟರ್. 200 ಎಚ್‌ಪಿ. ತೂಕ ಸುಮಾರು 1,240 ಕಿಲೋ, ಅದೂ ನೆಲಕ್ಕೆ ಹತ್ತಿರ. ಚಾವಣಿ ಗಟ್ಟಿ. ಹೆಚ್ಚಿನ ಮಾದರಿಗಳಲ್ಲಿ ಟಾರ್ಸನ್ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಫ್ಯಾಕ್ಟರಿಯಿಂದಲೇ ಬಂದಿರುತ್ತದೆ. ಅದಿಲ್ಲದ ಕಾರಿನಲ್ಲಿ ತಿರುವಿನಿಂದ ಹೊರಬರುವಾಗ ಭಾರ ಕಳೆದುಕೊಂಡ ಒಳಗಡೆಯ ಹಿಂಚಕ್ರ ಸುಮ್ನೆ ಗರಗರ ತಿರುಗುತ್ತದೆ, ಕಾರು ಮುಂದಕ್ಕೆ ಹೋಗುವುದಿಲ್ಲ. ಗೆಳೆಯ ಹೆಲ್ಮೆಟ್ ಹಾಕಿ ಕೂತ. ಸೀಟು ತೀರಾ ಕೆಳಗಿಳಿಸಿದಾಗ ತಲೆಯ ಮೇಲೆ ಎರಡು ಬೆರಳು ಜಾಗ ಉಳಿಯಿತು. ಸಾಕು.

ಈ ಕಾರನ್ನು ಬೈಯುವವರು ಹೇಳುವುದು ಒಂದೇ ಮಾತು: ನಡುವಿನ ಆರ್‌ಪಿಎಂನಲ್ಲಿ, 3,500ರಿಂದ 4,500ರ ಹತ್ತಿರ, ಎಳೆತ ಕುಸಿಯುತ್ತದೆ. ನಿಜ, ರಸ್ತೆಯಲ್ಲಿ ಅದು ಕಾಡುತ್ತದೆ. ಟ್ರ್ಯಾಕಿನಲ್ಲಿ ಸೂಜಿ ಅಷ್ಟು ಕೆಳಗೆ ಇಳಿದರೆ ಗೇರು ತಪ್ಪಾಗಿದೆ ಅಂತ ಅರ್ಥ, ಅಷ್ಟೆ.

ನಮ್ಮ ಮುಂದೆ ಎರಡು 86 ಬಂದವು. ಮೊದಲನೆಯದು ಕಮ್ಮಿ ಓಡಿದ್ದು, ಟರ್ಬೊ ಹಾಕಿಸಿದ್ದು. ಎತ್ತರ ಹೊಂದಿಸಬಹುದಾದ ಕಾಯಿಲೋವರ್ ಸಸ್ಪೆನ್ಷನ್, ಅಗಲ ಚಕ್ರ, ಎಂಜಿನ್ ಕಂಪ್ಯೂಟರಿಗೆ ಹೊಸ ಮ್ಯಾಪ್, ಅಂದರೆ ಪೆಟ್ರೋಲು, ಕಿಡಿಯ ಹೊಸ ಲೆಕ್ಕ. ಕೆಲಸ ಮಾಡಿಸಿದವರು ಸಾಚಾ ಮನುಷ್ಯರು. ಪ್ರತಿಯೊಂದಕ್ಕೂ ರಸೀದಿ ಇತ್ತು, ಕೇಳಿದ್ದಕ್ಕೆಲ್ಲ ಉತ್ತರ ಇತ್ತು. ಕಾರು ಗುಂಡಿನಂತೆ ಓಡಿತು. ಗೆಳೆಯನ ಕಣ್ಣು ಅರಳಿದ್ದು ನೋಡಿದೆ. ಎರಡನೆಯದು 1,38,000 ಕಿಲೋಮೀಟರ್ ಓಡಿದ್ದು, ಫ್ಯಾಕ್ಟರಿಯಿಂದ ಬಂದ ಹಾಗೇ ಇತ್ತು. ಬಂಪರಿನಲ್ಲಿ ಕಲ್ಲೇಟು, ಸೀಟಿನ ಅಂಚು ಸವೆದದ್ದು. ಒಬ್ಬರೇ ಮಾಲೀಕರು, ಸರ್ವಿಸ್ ಪುಸ್ತಕ ಪೂರ್ತಿ ಭರ್ತಿ.

ನಾನು ಎರಡನೆಯದರ ಕಡೆಗೆ ಯಾಕೆ ವಾಲಿದೆ ಅಂತ ವಿವರಿಸಬೇಕು, ಯಾಕೆಂದರೆ ಮೊದಲನೆಯದರಲ್ಲಿ ಹೇಳಿಕೊಳ್ಳುವ ದೋಷ ಇರಲಿಲ್ಲ. ಈ ಎಂಜಿನ್ನಿನ ಕಂಪ್ರೆಷನ್ ಅನುಪಾತ, ಅಂದರೆ ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತಿ ಕುಗ್ಗಿಸುವ ಪ್ರಮಾಣ, 12.5:1, ಅದು ಜಾಸ್ತಿಯೇ. ಟರ್ಬೊ ಇಲ್ಲದೆ ಓಡಲು ಲೆಕ್ಕ ಹಾಕಿ ಮಾಡಿದ್ದು. ಅದರ ಮೇಲೆ ಟರ್ಬೊ ಕೂರಿಸಿದರೆ ಪೆಟ್ರೋಲಿನ ಗುಣಮಟ್ಟ, ಮ್ಯಾಪು, ಒಳಗೆ ಹೋಗುವ ಗಾಳಿಯ ಬಿಸಿ, ಎಲ್ಲವೂ ಒಂದಕ್ಕೊಂದು ಸರಿಯಾಗಿ ಕೂತಿರಬೇಕು. ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತುವುದು ಕೆಲವೇ ಸೆಕೆಂಡು. ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷದ ಉದ್ದಕ್ಕೂ ಮತ್ತೆ ಮತ್ತೆ ಒತ್ತುತ್ತಲೇ ಇರಬೇಕು. ಟರ್ಬೊ ಇಲ್ಲದೆಯೇ ಈ ಎಂಜಿನ್ನಿನ ಆಯಿಲ್ ಟ್ರ್ಯಾಕಿನಲ್ಲಿ 130 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಜೊತೆಗೆ ಬ್ರೇಕು ಇನ್ನೂ ಹಳೆಯದೇ ಇತ್ತು. ನೇರ ದಾರಿಯ ಕೊನೆಯಲ್ಲಿ ವೇಗ ಜಾಸ್ತಿ, ನಿಲ್ಲಿಸುವ ತಾಕತ್ತು ಮೊದಲಿನಷ್ಟೇ. ಇನ್ನು ಕಲಿಯುವವನ ಕಡೆಯಿಂದ ನೋಡಿದರೆ, ಬ್ರೇಕ್ ತಡವಾಗಿ ಹಿಡಿದದ್ದು, ಗೆರೆ ತಪ್ಪಿದ್ದು ಎಲ್ಲವನ್ನೂ ಆ ಟರ್ಬೊ ನೇರ ದಾರಿಯಲ್ಲಿ ಮುಚ್ಚಿಹಾಕುತ್ತದೆ. ಸುತ್ತಿನ ಸಮಯ ಚೆನ್ನಾಗಿ ಬರುತ್ತದೆ, ಕೈ ಕಾಲು ಏನೂ ಕಲಿತಿರುವುದಿಲ್ಲ.

"ಆದ್ರೂ ಕಿಲೋಮೀಟರ್ ಜಾಸ್ತಿ ಅಲ್ವಾ ಅದು?" ಅಂತ ಕೇಳಿದ. ಜಾಸ್ತಿಯೇ. ಆದರೆ ಆ ಕಿಲೋಮೀಟರ್ ಎಲ್ಲ ಹೆದ್ದಾರಿಯಲ್ಲಿ, ಬಿಸಿಯಾದ ಎಂಜಿನ್ನಿನಲ್ಲಿ, ಒಂದೇ ವೇಗದಲ್ಲಿ ಓಡಿದ್ದು. ಅದನ್ನು ಮಾಲೀಕರ ಬಾಯಿಮಾತಿನಲ್ಲಿ ನಂಬಲಿಲ್ಲ, ಕಾರನ್ನೇ ಕೇಳಿದೆವು.

ಆ ಪರೀಕ್ಷೆ ನಿಧಾನವಾಗಿ ನಡೆಯಿತು. ಹಿಂದಿನ ರಾತ್ರಿಯಿಂದ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಕೇಳಿಕೊಂಡಿದ್ದೆವು. ಬಾನೆಟ್ ಮುಟ್ಟಿ ತಣ್ಣಗಿದೆ ಅಂತ ಖಚಿತ ಮಾಡಿಕೊಂಡು ಆಮೇಲೆ ಸ್ಟಾರ್ಟ್. ಕಟಕಟ ಇಲ್ಲ, ಹೊಗೆ ಇಲ್ಲ. ಗೇರು ತಣ್ಣಗಿದ್ದಾಗ ಮೂರರಿಂದ ಎರಡಕ್ಕೆ ಇಳಿಸಿ ನೋಡಿದೆ. ಉಜ್ಜುವ ಸದ್ದು ಬಂದರೆ ಗೇರುಗಳ ವೇಗ ಹೊಂದಿಸುವ ಸಿಂಕ್ರೊ ಸವೆದಿದೆ ಅಂತ. ಸ್ವಲ್ಪ ಬಿಗಿ ಇತ್ತು, ಬಿಸಿಯಾದ ಮೇಲೆ ಸರಿಹೋಯಿತು. ಕ್ಲಚ್ ಒತ್ತಿ ಬಿಡುವಾಗ ಬೇರಿಂಗಿನಿಂದ ಸಣ್ಣ ಕಿಚಕಿಚ, 86ಗಳಲ್ಲಿ ಇದು ಸಾಮಾನ್ಯ, ಬೆಲೆ ಮಾತಾಡುವಾಗ ಬಳಸಿಕೊಂಡೆವು. ಪೇಂಟಿನ ದಪ್ಪ ಅಳೆಯುವ ಸಾಧನವನ್ನು ಪ್ರತಿ ಪ್ಯಾನೆಲ್ಲಿಗೂ ಇಟ್ಟೆವು. ಎಲ್ಲ ಕಡೆ 100ರಿಂದ 150 ಮೈಕ್ರಾನ್ ಒಳಗೆ. ಎಲ್ಲಾದರೂ 300 ದಾಟಿದರೆ ಅಲ್ಲಿ ಮತ್ತೆ ಪೇಂಟ್ ಆಗಿದೆ, ಇನ್ನೂ ಮೇಲೆ ಹೋದರೆ ಅಡಿಯಲ್ಲಿ ಪುಟ್ಟಿ ಇದೆ. ಮಡ್‌ಗಾರ್ಡಿನ ಬೋಲ್ಟುಗಳ ತಲೆಯ ಮೇಲೆ ಸ್ಪ್ಯಾನರ್ ಗುರುತು ಇರಲಿಲ್ಲ.

ಚಕ್ರ ಬಿಚ್ಚಿ ಒಳಗಿನ ಪ್ಲಾಸ್ಟಿಕ್ ಲೈನರ್ ಮೇಲೆ ಟಾರ್ಚ್ ಬಿಟ್ಟೆವು. ಟ್ರ್ಯಾಕಿನಲ್ಲಿ ಜೋರಾಗಿ ಓಡಿದ ಕಾರಾದರೆ ಅಲ್ಲಿ ಕರಗಿ ಅಂಟಿದ ರಬ್ಬರ್ ಚೂರು ಸಿಗುತ್ತದೆ. ಬ್ರೇಕ್ ಕ್ಯಾಲಿಪರಿನ ಬಣ್ಣ ಸುಟ್ಟಿರುತ್ತದೆ, ಡಿಸ್ಕಿನ ಮೇಲೆ ಸಣ್ಣ ಸಣ್ಣ ಬಿರುಕು ಇರುತ್ತವೆ. ಇಲ್ಲಿ ಯಾವುದೂ ಇರಲಿಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ನಾಲ್ಕೂ ಟೈರು ಒಂದೇ ಕಂಪನಿ, ಒಂದೇ ವಯಸ್ಸು. ಇದು ಸಣ್ಣ ಸಂಗತಿ, ಆದರೆ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರ ಲಕ್ಷಣ ಅಂತ ನನ್ನ ನಂಬಿಕೆ.

ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟಿಗೆ ಮೆಕ್ಯಾನಿಕ್ ಮೊದಲು ಮುಖ ಕಿವುಚಿದರು. ಈ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಎರಡೂ ಪಕ್ಕದಲ್ಲಿ, ಚಾಸಿಗೆ ಅಂಟಿಕೊಂಡಂತೆ ಇವೆ, ಕೈ ಹೋಗುವುದೇ ಕಷ್ಟ. ಆದರೂ ಮಾಡಿದರು. ನಾಲ್ಕೂ ಸಿಲಿಂಡರಿನ ಅಂಕಿ ಹೆಚ್ಚುಕಮ್ಮಿ ಒಂದೇ. ನೋಡಬೇಕಾದ್ದು ಅಂಕಿ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇಕಡಾ 10-15ಕ್ಕಿಂತ ಜಾಸ್ತಿ ಕೆಳಗಿದ್ದರೆ ಅಲ್ಲೇನೋ ತೊಂದರೆ ಇದೆ.

ಕೊನೆಯದು ದಾಖಲೆ. 2018ರಲ್ಲಿ ಆರಂಭದ ವರ್ಷಗಳ ಕಾರುಗಳಿಗೆ ವಾಲ್ವ್ ಸ್ಪ್ರಿಂಗ್ ಬದಲಿಸುವ ರಿಕಾಲ್, ಅಂದರೆ ಕಂಪನಿಯೇ ಕಾರು ವಾಪಸ್ ಕರೆದು ಸರಿಪಡಿಸುವ ಏರ್ಪಾಡು, ಬಂದಿತ್ತು. ಆ ಕೆಲಸಕ್ಕೆ ಎಂಜಿನ್ ಇಳಿಸಬೇಕು, ಬಿಚ್ಚಬೇಕು, ಮತ್ತೆ ಸೀಲಂಟ್ ಹಚ್ಚಿ ಮುಚ್ಚಬೇಕು. ಹಚ್ಚಿದ್ದು ಜಾಸ್ತಿಯಾದರೆ ಅದರ ತುಣುಕು ಆಯಿಲ್ ದಾರಿಗೆ ಅಡ್ಡ ಬರುತ್ತದೆ. ನಾವು ನೋಡಿದ ಕಾರು ಆ ಸಾಲಿಗೆ ಸೇರಿದ್ದಲ್ಲ, ಆಮೇಲೆ ತಯಾರಾದದ್ದು. ಸೇರಿದ್ದಾಗಿದ್ದರೆ ಕೆಲಸ ಯಾವಾಗ ಆಯಿತು, ಆದ ಮೇಲೆ ಎಷ್ಟು ಓಡಿದೆ ಅಂತ ನೋಡದೆ ಮುಂದುವರಿಯುತ್ತಿರಲಿಲ್ಲ.

ಕೊಂಡ.

ಕೊಂಡ ಮೇಲೆ ಮಾಡಿದ್ದು, ಮಾಡದೆ ಬಿಟ್ಟದ್ದು

ಟ್ರ್ಯಾಕಿಗೆ ಮೊದಲು ಮಾಡಿದ ಕೆಲಸ ಕಮ್ಮಿಯೇ. ಬ್ರೇಕ್ ಫ್ಲೂಯಿಡ್ ಪೂರ್ತಿ ತೆಗೆದು ಹೊಸದು ತುಂಬಿದೆವು. ಡಾಟ್ 4 ಅಂತ ಡಬ್ಬಿಯ ಮೇಲೆ ಬರೆಯಬೇಕಾದರೆ ಹೊಸದಾಗಿದ್ದಾಗ ಅದು ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಆದರೆ ಅದು ಗಾಳಿಯಿಂದ ನೀರು ಹೀರಿಕೊಳ್ಳುತ್ತಾ ಹೋಗುತ್ತದೆ. ಶೇಕಡಾ 3.7ರಷ್ಟು ನೀರು ಸೇರಿದಾಗ ಅದೇ ಡಾಟ್ 4ಕ್ಕೆ ಇರುವ ಮಿತಿ 155 ಡಿಗ್ರಿ ಮಾತ್ರ. ಕುದಿದರೆ ಪೈಪಿನಲ್ಲಿ ಗುಳ್ಳೆ ಬರುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹಾಗಾಗಿ 300 ಡಿಗ್ರಿಗೂ ಮೇಲೆ ಕುದಿಯುವ ರೇಸಿಂಗ್ ಫ್ಲೂಯಿಡ್ ಹಾಕಿದೆವು, ಟ್ರ್ಯಾಕ್ ಪ್ಯಾಡ್ ಕೂರಿಸಿದೆವು. ಎಂಜಿನ್ನಿಗೆ ಫ್ಯಾಕ್ಟರಿ ಹೇಳುವ 0ಡಬ್ಲ್ಯು-20 ಬದಲು ಸ್ವಲ್ಪ ದಪ್ಪನೆಯ 5ಡಬ್ಲ್ಯು-30. ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಆಯಿಲ್ ಕೂಡ ಹೊಸದು. ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ 120 ನ್ಯೂಟನ್ ಮೀಟರಿಗೆ ಬಿಗಿದದ್ದು, ಅಷ್ಟೇ.

ಗೆಳೆಯ ರೇಸಿನವುಗಳಂತೆ ಜಾಸ್ತಿ ಹಿಡಿತದ ಸೆಮಿ ಸ್ಲಿಕ್ ಟೈರು, ಎರಡೂ ಭುಜದ ಮೇಲಿಂದ ಕಟ್ಟುವ ಹಾರ್ನೆಸ್ ಬೆಲ್ಟು ಎರಡೂ ಬೇಕು ಅಂದಿದ್ದ. ಎರಡಕ್ಕೂ ಬೇಡ ಅಂದೆ. ಮಾಮೂಲಿ ಟೈರು ಹಿಡಿತ ಬಿಡುವ ಮೊದಲು ಕಿರುಚುತ್ತದೆ, ಬಿಡುವುದೂ ನಿಧಾನ. ಕಲಿಯುವವನಿಗೆ ಆ ಎಚ್ಚರಿಕೆ ಬೇಕು. ಹಿಡಿತ ಕಮ್ಮಿ ಇದ್ದಾಗ ವೇಗವೂ ಕಮ್ಮಿ, ತಪ್ಪಿದರೆ ಆಗುವ ಪೆಟ್ಟೂ ಕಮ್ಮಿ. ಹಾರ್ನೆಸ್ಸಿನ ವಿಷಯ ಇನ್ನೂ ಗಂಭೀರ. ರೋಲ್ ಬಾರ್ ಇಲ್ಲದ ಕಾರಿನಲ್ಲಿ ಅದು ಮೈಯನ್ನು ನೆಟ್ಟಗೆ ಕಟ್ಟಿಹಾಕುತ್ತದೆ. ಕಾರು ಮಗುಚಿ ಚಾವಣಿ ಕುಸಿದರೆ ಪಕ್ಕಕ್ಕೆ ಬಾಗಲು ಆಗುವುದಿಲ್ಲ. ಅರೆಬರೆ ಸುರಕ್ಷತಾ ಸಾಮಾನು ಸೇರಿಸುವುದಕ್ಕಿಂತ ಕಾರಿನ ಜೊತೆ ಬಂದ ಮೂರು ಬಿಂದುವಿನ ಬೆಲ್ಟು, ಏರ್‌ಬ್ಯಾಗು, ಒಳ್ಳೆಯ ಹೆಲ್ಮೆಟ್ಟೇ ವಾಸಿ. ಉಳಿದ ದುಡ್ಡನ್ನು ಪಕ್ಕದ ಸೀಟಿನಲ್ಲಿ ಕೂರುವ ತರಬೇತುದಾರರಿಗೆ ಕೊಟ್ಟ.

ಮೊದಲ ದಿನ ಟೈರಿನ ಗಾಳಿ ತಣ್ಣಗಿದ್ದಾಗ 29 ಪಿಎಸ್‌ಐ ಇಟ್ಟು ಇಳಿಸಿದೆವು. ಟೈರಿನ ಬಿಸಿ ಐದಾರು ಡಿಗ್ರಿ ಏರಿದಾಗಲೆಲ್ಲ ಒತ್ತಡ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಸರದಿ ಮುಗಿಸಿ ಬಂದ ಕೂಡಲೇ ಅಳೆದು, ಮುಂದಿನ ಟೈರುಗಳಲ್ಲಿ ಅದು 36 ದಾಟಿದ್ದರೆ ಗಾಳಿ ಬಿಟ್ಟು ಸರಿಮಾಡುತ್ತಿದ್ದೆವು. ಕಾರಿನ ಕಂಪ್ಯೂಟರಿನ ಮಾಹಿತಿ ಸಿಗುವ ಓಬಿಡಿ ಪೋರ್ಟಿಗೆ ಒಂದು ರೀಡರ್ ಸಿಕ್ಕಿಸಿ ಆಯಿಲ್ ಬಿಸಿಯನ್ನು ಫೋನಿನಲ್ಲಿ ಬರುವಂತೆ ಮಾಡಿದ್ದೆ. 125 ತೋರಿಸಿದರೆ ಒಂದು ಸುತ್ತು ನಿಧಾನ, ಇದು ನಮ್ಮ ಕಟ್ಟುಪಾಡು. ಬಿಸಿಲು ಏರಿದ ಮೇಲೆ ಪ್ರತಿ ಸರದಿಯ ಕೊನೆಯ ಭಾಗದಲ್ಲಿ ಅವನು ನಿಧಾನ ಮಾಡಲೇಬೇಕಾಯಿತು.

ಮಧ್ಯಾಹ್ನದ ಒಂದು ಸರದಿಯಲ್ಲಿ, ಉದ್ದದ ಎಡ ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಪೂರ್ತಿ ಬಿಟ್ಟ. ಭಾರ ಮುಂದಕ್ಕೆ ಹೋಯಿತು, ಹಿಂದಿನ ಟೈರುಗಳು ಹಗುರಾದವು, ಕಾರು ನಿಧಾನವಾಗಿ ತಿರುಗಿ ಅಡ್ಡ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ತರಬೇತುದಾರರು ಅದೇ ತಿರುವಿಗೆ ಮತ್ತೆ ಕರೆದುಕೊಂಡು ಹೋಗಿ, ಕಾಲು ತೆಗೆಯದೆ ಬರೀ ಸಡಿಲಿಸುವುದು ಹೇಗೆ ಅಂತ ಮಾಡಿಸಿದರು. ಟರ್ಬೊ ಕಾರಿನಲ್ಲಿ ಇದೇ ಆಗಿದ್ದರೆ ಆ ತಿರುವಿಗೆ ಬರುವ ವೇಗವೇ ಬೇರೆ ಇರುತ್ತಿತ್ತು.

ಈಗ ಕಾರಿನ ಮುಂದಿನ ಟೈರುಗಳ ಹೊರ ಅಂಚು ಒಳಗಿನದಕ್ಕಿಂತ ಬೇಗ ಸವೆಯುತ್ತಿದೆ. 86ರ ಮುಂದಿನ ಚಕ್ರಗಳು ಫ್ಯಾಕ್ಟರಿಯಿಂದ ಹೆಚ್ಚುಕಮ್ಮಿ ನೇರವಾಗಿ ನಿಂತಿರುತ್ತವೆ. ತಿರುವಿನಲ್ಲಿ ಬಾಡಿ ವಾಲಿದಾಗ ಭಾರ ಎಲ್ಲ ಹೊರ ಅಂಚಿಗೆ ಬೀಳುತ್ತದೆ. ಹೊಸ ಟೈರು ಹಾಕಿಸುವಾಗ ಕ್ಯಾಂಬರ್ ಬೋಲ್ಟ್ ಸೇರಿಸಿ, ಚಕ್ರದ ಮೇಲ್ತುದಿ ಒಳಕ್ಕೆ ವಾಲುವಂತೆ ಮೈನಸ್ ಒಂದೂವರೆ ಡಿಗ್ರಿ ಆಸುಪಾಸಿಗೆ ತರಬೇಕು ಅಂತ ಮಾತಾಡಿಕೊಂಡಿದ್ದೇವೆ. ಆಯಿಲ್ ಕೂಲರ್ ಹಾಕಿಸಬೇಕೇ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಅದರ ಪೈಪು, ಜಾಯಿಂಟು ಎಲ್ಲ ಸೋರಬಹುದಾದ ಹೊಸ ಜಾಗಗಳು. ಬೇಸಿಗೆಯ ಸರದಿಗಳ ಅಂಕಿಗಳನ್ನು ಮೊದಲು ಕೂಡಿಸಿಕೊಳ್ಳಲಿ, ಆಮೇಲೆ ನೋಡೋಣ ಅಂದಿದ್ದೇನೆ.